ಡಿಎಲ್ ಸಸ್ಪೆಂಡ್ ಆದರೆ ಇನ್ಶೂರೆನ್ಸ್ ದುಪ್ಪಟ್ಟು? ಆ ಮೆಸೇಜ್ ಬಗ್ಗೆ ಸ್ಪಷ್ಟನೆ

"ಡಿಎಲ್ ಸಸ್ಪೆಂಡ್ ಆದರೆ ಕಾರಿನ ಇನ್ಶೂರೆನ್ಸ್ ಪ್ರೀಮಿಯಂ ತಾನಾಗಿಯೇ ದುಪ್ಪಟ್ಟಾಗುತ್ತದೆ" ಅನ್ನುವ ವಾಟ್ಸಾಪ್ ಮೆಸೇಜ್ ಓಡಾಡುತ್ತಿದೆ. ನಾನೂ ಮೊನ್ನೆ ನಂಬಿ ಇಬ್ಬರಿಗೆ ಕಳಿಸಿದ್ದೆ. ಅದು ತಪ್ಪು. ನಮ್ಮ ದೇಶದಲ್ಲಿ ಅಂಥ ನಿಯಮ ಇಲ್ಲ.

ಥರ್ಡ್ ಪಾರ್ಟಿ (ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ) ಇನ್ಶೂರೆನ್ಸ್ ಪ್ರೀಮಿಯಂ ನಿಗದಿ ಮಾಡುವುದು ಕೇಂದ್ರ ಸರ್ಕಾರ. ಪೆಟ್ರೋಲ್, ಡೀಸೆಲ್ ಕಾರಾದರೆ ಎಂಜಿನ್ ಸಿಸಿ ನೋಡುತ್ತಾರೆ, ಓಡಿಸುವವರ ಲೈಸೆನ್ಸ್ ಅಲ್ಲ. 2021ರಲ್ಲಿ ಇನ್ಶೂರೆನ್ಸ್ ನಿಯಂತ್ರಣ ಸಂಸ್ಥೆ ಐಆರ್‌ಡಿಎಐನ ಕಾರ್ಯತಂಡವೊಂದು ಟ್ರಾಫಿಕ್ ತಪ್ಪುಗಳಿಗೆ ತಕ್ಕಂತೆ ಪ್ರೀಮಿಯಂ ಹೆಚ್ಚಿಸುವ ಸಲಹೆ ಕೊಟ್ಟಿತ್ತು. ಗೊಂದಲ ಅಲ್ಲಿಂದ ಹುಟ್ಟಿರಬಹುದು.

ನಿಜವಾದ ಅಪಾಯ ಬೇರೆಯೇ ಇದೆ, ಮೆಸೇಜಿನಲ್ಲಿ ಅದೇ ಇಲ್ಲ. ಸಸ್ಪೆಂಡ್ ಆಗಿರುವಾಗ ಓಡಿಸಿ ಅಪಘಾತವಾದರೆ, ನಿಮ್ಮ ಕಾರಿನ ರಿಪೇರಿ ಕ್ಲೇಮನ್ನು ಕಂಪನಿ ತಿರಸ್ಕರಿಸಬಹುದು. ಓಡಿಸುವವರ ಲೈಸೆನ್ಸ್ ಚಾಲ್ತಿಯಲ್ಲಿರಬೇಕು ಅಂತ ಪಾಲಿಸಿಯಲ್ಲೇ ಬರೆದಿರುತ್ತದೆ. ಇನ್ನು ಎದುರಿನವರಿಗೆ ಕಂಪನಿ ಕೊಟ್ಟ ಪರಿಹಾರವನ್ನು ಗಾಡಿ ಮಾಲೀಕರಿಂದಲೇ ವಸೂಲಿ ಮಾಡಲು ಕೋರ್ಟುಗಳು ಹೇಳಿದ್ದೂ ಉಂಟು. ಅದು ಲಕ್ಷಗಟ್ಟಲೆ ಆಗಬಹುದು, ಅಲ್ವಾ? ಜೊತೆಗೆ ಮೋಟಾರು ವಾಹನ ಕಾಯ್ದೆಯ 182ನೇ ಸೆಕ್ಷನ್ ಪ್ರಕಾರ 3 ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ.

ದಯವಿಟ್ಟು ಆ ಮೆಸೇಜನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.