ಮೈಮೇಲೆ ಬರುವ ಹುಂಜವೂ ನಮ್ಮ ಕೈಯ ಕೋಲೂ

ಕಳೆದ ವಾರ ನಮ್ಮ ಕೇರಿಯ ಮನೆಯೊಂದರಲ್ಲಿ ಸಾಕಿದ ಹುಂಜ ಐದು ವರ್ಷದ ಮಗುವಿನ ಮೇಲೆ ಹಾರಿ ಕೆನ್ನೆಯನ್ನು ಗೀರಿತು. ಗಾಯ ಕಣ್ಣಿನಿಂದ ಎರಡೇ ಬೆರಳು ಕೆಳಗಿತ್ತು. ಮನೆಯವರು ಸಿಟ್ಟಿನಿಂದ ಅದನ್ನು ಅಂಗಳದ ತುಂಬ ಅಟ್ಟಾಡಿಸಿ ಹೊಡೆದರು. ಮರುದಿನ ಬೆಳಿಗ್ಗೆ ಅದು ಹಾಲು ತಂದವರ ಮೇಲೆ ಹಾರಿತು. ಹಿತ್ತಲಲ್ಲಿ ನಾಲ್ಕು ಕೋಳಿ ಸಾಕುವ ನಮ್ಮಂಥ ಮನೆಗಳಲ್ಲಿ ಈ ತಪ್ಪು ಮತ್ತೆ ಮತ್ತೆ ನಡೆಯುತ್ತಿರುವುದನ್ನು ನೋಡಿ, ನಾನೂ ಒಮ್ಮೆ ಅದನ್ನೇ ಮಾಡಿದವನಾದ್ದರಿಂದ, ಇದನ್ನು ಬರೆಯುತ್ತಿದ್ದೇನೆ. ಹೊಡೆತದಿಂದ ಹುಂಜ ಬಗ್ಗುವುದಿಲ್ಲ, ಇನ್ನಷ್ಟು ಕೆರಳುತ್ತದೆ.

ಕೋಳಿಗಳ ಗುಂಪಿನಲ್ಲಿ ಯಾರು ಯಾರನ್ನು ಕುಕ್ಕಬಹುದು, ಯಾರು ಯಾರಿಗೆ ದಾರಿ ಬಿಡಬೇಕು ಎಂಬ ಕಟ್ಟುನಿಟ್ಟಾದ ಮೇಲು ಕೀಳು ಇರುತ್ತದೆ. ನಾರ್ವೆಯ ಪ್ರಾಣಿವಿಜ್ಞಾನಿ ಷೆಲ್ಡರಪ್-ಎಬ್ಬೆ ಎಂಬವರು 1920ರ ದಶಕದ ಆರಂಭದಲ್ಲಿ ಇದನ್ನು ಶಾಸ್ತ್ರೀಯವಾಗಿ ವಿವರಿಸಿದರು. ನಮ್ಮ ಅಜ್ಜಿಯರು ಅದನ್ನು ಅಕ್ಕಿ ಎರಚುವಾಗಲೇ ಕಂಡಿದ್ದರು. ನಾಲ್ಕೈದು ತಿಂಗಳಿಗೆ ಹುಂಜ ಪ್ರಾಯಕ್ಕೆ ಬರುತ್ತಿದ್ದಂತೆ ಈ ಲೆಕ್ಕದಲ್ಲಿ ನಮ್ಮನ್ನೂ ಸೇರಿಸಿಕೊಳ್ಳುತ್ತದೆ. ಹೆದರಿ ಓಡಿದರೆ ನಾವು ಅದಕ್ಕಿಂತ ಕೆಳಗಿನವರು, ಕೋಲೆತ್ತಿ ಹೊಡೆದರೆ ಕಾದಾಡಲು ಬಂದ ಇನ್ನೊಂದು ಹುಂಜ. ಎರಡಕ್ಕೂ ಅದರ ಉತ್ತರ ಒಂದೇ.

ನಮ್ಮ ಮನೆಯ ಹುಂಜ ಗಿರಿರಾಜ ತಳಿಯ ಬೆರಕೆಯದು. ತಾಯಿ ಕೋಳಿಯನ್ನು ಕಬ್ಬೆಕ್ಕು ಒಯ್ದಿದ್ದರಿಂದ ಅಡುಗೆಮನೆಯ ರಟ್ಟಿನ ಪೆಟ್ಟಿಗೆಯಲ್ಲಿ, ಅಂಗೈಯಲ್ಲಿ ನುಚ್ಚು ತಿನ್ನಿಸಿ ಅದನ್ನು ಬೆಳೆಸಿದೆವು. ಮಕ್ಕಳು ಕಾಲು ಚಾಚಿ ಅದರೊಡನೆ ಕುಸ್ತಿಯಾಡುತ್ತಿದ್ದರು, ಪುಟ್ಟ ಮರಿ ಪುಕ್ಕ ಕೆದರಿ ಕಾಲಿಗೆ ಎಗರಿದರೆ ನಾವೆಲ್ಲ ನಗುತ್ತಿದ್ದೆವು. ಆರು ತಿಂಗಳಿಗೆ ಆಟ ಆಟವಾಗಿ ಉಳಿಯಲಿಲ್ಲ. ಮನುಷ್ಯರ ಭಯವೇ ಇಲ್ಲದೆ ಬೆಳೆದ ಹುಂಜ ಮನುಷ್ಯರೊಡನೆ ಕಾದಾಡಲು ಹಿಂಜರಿಯುವುದಿಲ್ಲ ಎಂಬುದನ್ನು ನಾನು ಹಾಗೆ ಕಲಿತೆ. ಮೊದಲು ಒಂದು ರೆಕ್ಕೆಯನ್ನು ನೆಲಕ್ಕೆ ಇಳಿಬಿಟ್ಟು ಓರೆಯಾಗಿ ಸುತ್ತುವುದು, ಆಮೇಲೆ ಏನನ್ನೋ ಹೆಕ್ಕುವಂತೆ ತಲೆ ತಗ್ಗಿಸುವುದು, ಆಮೇಲೆ ಕತ್ತಿನ ಗರಿ ನಿಗುರಿಸಿ ಎರಡೂ ಕಾಲನ್ನು ಮುಂದೆ ಚಾಚಿ ಹಾರುವುದು. ನಾನು ಹಿಡಿಸೂಡಿಯಿಂದ ಬಾರಿಸಿದಷ್ಟೂ ನಾನು ಕಂಡೊಡನೆ ಓಡಿ ಬರುವುದು ಹೆಚ್ಚಾಯಿತು.

ಕೋಲು ಬಿಟ್ಟ ಮೇಲೆ ಮಾಡಿದ್ದನ್ನು ಹೇಳುತ್ತೇನೆ. ಮೊಣಕಾಲಿನವರೆಗಿನ ಬೂಟು ಹಾಕಿಕೊಂಡು, ಬಕೆಟ್ಟನ್ನು ಕಾಲಿಗೆ ಅಡ್ಡ ಹಿಡಿದು, ಅದು ಬಂದಾಗ ಹಿಂದೆ ಸರಿಯದೆ, ಹೊಡೆಯದೆ, ಅದು ತಾನಾಗಿ ಪಕ್ಕಕ್ಕೆ ತಿರುಗುವವರೆಗೆ ನಿಧಾನವಾಗಿ ಅದರತ್ತಲೇ ಹೆಜ್ಜೆ ಇಡುತ್ತಿದ್ದೆ. ರಾತ್ರಿ ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದು ಕಡಿಮೆ. ಆಗ ಗೂಡಿನಿಂದ ಎತ್ತಿ, ರೆಕ್ಕೆ ಬಿಚ್ಚದಂತೆ ಕಂಕುಳಲ್ಲಿ ಇರುಕಿಕೊಂಡು ಹತ್ತು ನಿಮಿಷ ಅಂಗಳದಲ್ಲಿ ನಡೆಯುತ್ತಿದ್ದೆ. ಹಗಲಿನ ಅದೇ ಹುಂಜದ ಎದೆ ನನ್ನ ಪಕ್ಕೆಗೆ ಒತ್ತಿ ಬಡಿದುಕೊಳ್ಳುತ್ತಿತ್ತು. ಕಾಲಿನ ಹಿಂಬದಿಯಲ್ಲಿ ಬೆಳೆಯುವ ಮುಳ್ಳಿನ ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಿದೆ. ಮುಳ್ಳಿನ ಒಳಗೆ ಜೀವವಿರುವ ಎಲುಬು ಇರುವುದರಿಂದ ಬುಡದವರೆಗೆ ಕತ್ತರಿಸುವುದು ಹಿಂಸೆ, ರಕ್ತ ನಿಲ್ಲುವುದೂ ಕಷ್ಟ. ಐದು ಹೇಂಟೆಗೆ ಎರಡು ಹುಂಜ ಇದ್ದದ್ದೂ ಜಗಳದ ಮೂಲವೆಂದು ತಿಳಿದು ಒಂದನ್ನು ಬೇರೆ ಕಟ್ಟಿದೆ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು, ಬರೀ ಮೊಟ್ಟೆಗಾದರೆ ಹುಂಜವೇ ಬೇಡ.

ಎರಡು ತಿಂಗಳಲ್ಲಿ ಅದು ನನ್ನ ಮೇಲೆ ಬರುವುದನ್ನು ಬಹುಮಟ್ಟಿಗೆ ಬಿಟ್ಟಿತು. ಅದರ ಪರವಾಗಿಯೂ ಹೇಳಲೇಬೇಕು: ಹುಳ ಸಿಕ್ಕರೆ ತಾನು ತಿನ್ನದೆ ಹೇಂಟೆಗಳನ್ನು ಕರೆದು ತೋರಿಸುತ್ತಿತ್ತು, ಗಿಡುಗ ಕಂಡರೆ ಒಂದು ದನಿ, ಮುಂಗುಸಿ ಕಂಡರೆ ಬೇರೊಂದು ದನಿ ತೆಗೆದು ಎಲ್ಲವನ್ನೂ ಎಚ್ಚರಿಸುತ್ತಿತ್ತು. ಈ ಕಾವಲುಗುಣವೇ ಮಿತಿ ಮೀರಿದಾಗ ನಮಗೆ ಪೆಟ್ಟಾಗುತ್ತದೆ. ಮೊದಲ ಸಲ ಹಾರಿದ್ದಕ್ಕೇ ಕತ್ತಿ ಮಸೆಯುವುದು ನ್ಯಾಯವಲ್ಲ ಎಂದು ನಾನು ಹೇಳುವುದು ಅದಕ್ಕೇ.

ಆದರೆ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಈ ಪ್ರಯೋಗ ಬೇಡ. ಮಗುವಿನ ಮುಖ ಹುಂಜ ಹಾರುವ ಎತ್ತರಕ್ಕೇ ಇರುತ್ತದೆ. ಮುಳ್ಳು ಚುಚ್ಚಿದ ಗಾಯ ಹೊರಗೆ ಸಣ್ಣದಾಗಿ ಕಂಡರೂ ಒಳಗೆ ಆಳವಾಗಿರುತ್ತದೆ. ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, ವೈದ್ಯರಿಗೆ ತೋರಿಸಿ ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ಕೇಳಬೇಕು. ಅಂಥ ಹುಂಜವನ್ನು ಕೂಡಲೇ ಬೇರೆ ಗೂಡಿಗೆ ಹಾಕಿ, ಇಲ್ಲವೇ ಸಾರು ಮಾಡಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಸ್ವಭಾವ ಮರಿಗಳಿಗೂ ಇಳಿಯುವುದರಿಂದ ಅದು ಕೂಡಿದ ಹೇಂಟೆಗಳ ಮೊಟ್ಟೆಗಳನ್ನು ಕಾವಿಗೆ ಇಡಬೇಡಿ. ಅದರ ಗುಣ ಮುಚ್ಚಿಟ್ಟು ಸಂತೆಯಲ್ಲಿ ಇನ್ನೊಂದು ಮನೆಗೆ ದಾಟಿಸುವುದು ಮಾತ್ರ ತಪ್ಪು. ಕೋಳಿ ಅಂಕಕ್ಕೆಂದು, ಅಂದರೆ ಕೋಳಿ ಕಾಳಗಕ್ಕೆಂದು, ಒಳ್ಳೆಯ ಬೆಲೆ ಕೊಟ್ಟು ಒಯ್ಯಲು ಒಬ್ಬರು ನಮ್ಮಲ್ಲಿಗೂ ಬಂದಿದ್ದರು. ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಇಲ್ಲದಿದ್ದರೂ, ಕಾಲಿಗೆ ಸಣ್ಣ ಕತ್ತಿ ಕಟ್ಟಿಸಿಕೊಂಡು ಸಾಯಲೆಂದು ನಾನು ಅದನ್ನು ಕೊಡುತ್ತಿರಲಿಲ್ಲ.

ಮೂರನೆಯ ತಿಂಗಳು, ಎರಡೂ ಕೈಯಲ್ಲಿ ಸೌದೆ ಹಿಡಿದು ಬರುತ್ತಿದ್ದ ಅಮ್ಮನ ಮೇಲೆ ಅದು ಹಿಂದಿನಿಂದ ಹಾರಿತು. ಅಮ್ಮ ಬಿದ್ದು ಮಣಿಕಟ್ಟು ಉಳುಕಿತು. ಆ ಭಾನುವಾರವೇ ನಾನು ಅದನ್ನು ಕೊಯ್ದೆ. ಈಗಿರುವ ಹುಂಜ ಹೇಂಟೆಯ ಕಾವಿನಲ್ಲಿ ಹುಟ್ಟಿ, ದೊಡ್ಡ ಕೋಳಿಗಳಿಂದ ಕುಕ್ಕಿಸಿಕೊಂಡು ಬೆಳೆದದ್ದು. ಅದಕ್ಕೆ ಯಾರೂ ಕೈತುತ್ತು ಕೊಟ್ಟಿಲ್ಲ, ಕಾಲು ಚಾಚಿ ಕೆಣಕಿಲ್ಲ. ಅಮ್ಮ ಸೌದೆ ಹೊತ್ತು ಬಂದರೆ ಅದು ತಲೆಯೆತ್ತಿ ಒಮ್ಮೆ ನೋಡಿ, ಬಾಳೆಬುಡದ ಕಡೆಗೆ ಸರಿದು ದಾರಿ ಬಿಡುತ್ತದೆ.