ಬಾಗಿಲ ಮೇಲೆ ‘ನಾಳೆ ಬಾ’

ಎಲಾನ್ ಮಸ್ಕ್ ಅವರ ಪಾರ್ಟಿ ಎಲ್ಲಿಗೆ ಬಂತು ಅಂತ ಯಾರಾದ್ರೂ ವಿಚಾರಿಸಿದ್ರಾ? 2025ರ ಜುಲೈ 4ಕ್ಕೆ ಎಕ್ಸಲ್ಲಿ ಹೊಸ ಪಾರ್ಟಿ ಬೇಕಾ ಅಂತ ಒಂದು ಪೋಲ್ ಹಾಕಿದ್ರು, ಹೂಂ ಅಂದೋರು ಜಾಸ್ತಿ ಆದ್ರು, ಮಾರನೇ ದಿನಕ್ಕೆ ‘ಅಮೆರಿಕ ಪಾರ್ಟಿ’ ಹುಟ್ಟೇಬಿಡ್ತು. ನಮ್ಮನೇಲಿ ಮಗೂಗೆ ಹೆಸರಿಡೋಕೂ ಇದಕ್ಕಿಂತ ಜಾಸ್ತಿ ಟೈಮ್ ತಗೋತೀವಿ. ಟ್ರಂಪ್ ಅವರ ತೆರಿಗೆ-ಖರ್ಚಿನ ಬಿಲ್ ಮೇಲಿನ ಸಿಟ್ಟಿಗೆ ಹುಟ್ಟಿದ ಕೂಸು, ಸಿಟ್ಟು ಇಳಿದ ಮೇಲೆ ಸುದ್ದಿನೇ ಇಲ್ಲ, ನವೆಂಬರಲ್ಲಿ ನೋಡಿದ್ರೆ ಅಪ್ಪ ವೈಟ್ ಹೌಸಲ್ಲಿ ಊಟಕ್ಕೆ ಕೂತಿದ್ದಾರೆ.

ಹಿಂದೆ ನಮ್ಮೂರ ಕಡೆ ದೆವ್ವ ಬರಬಾರದು ಅಂತ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಿದ್ರಲ್ಲ, ಮೂರನೇ ಪಾರ್ಟಿ ಬರಬಾರದು ಅಂತ ಅಮೆರಿಕದ ಎರಡು ಪಾರ್ಟಿನೂ, ಡೆಮಾಕ್ರಾಟ್ಸು ರಿಪಬ್ಲಿಕನ್ಸು, ಅದನ್ನೇ ಮಾಡಿರೋದು. ದಿನಾ ಬೆಳಗಾದ್ರೆ ಕಿತ್ತಾಡ್ತಾರೆ, ಬಾಗಿಲಿಗೆ ಬರಿಯೋವಾಗ ಮಾತ್ರ ಅಣ್ಣತಮ್ಮಂದಿರು. ಬ್ಯಾಲೆಟಲ್ಲಿ ಹೆಸರು ಬರಬೇಕಾ? 50 ರಾಜ್ಯಕ್ಕೆ 50 ಥರ ರೂಲ್ಸು. ನ್ಯೂಯಾರ್ಕಲ್ಲಿ ಆರು ವಾರದೊಳಗೆ 45,000 ಸಹಿ ತಗೊಂಡು ಬಾ, ಮೊದಲು 15,000 ಇತ್ತು, ಸಾಲ್ಲಿಲ್ಲ ಅನ್ಸುತ್ತೆ.

ಈ ವಿಷಯದಲ್ಲಿ ನನ್ನ ಹೀರೋ ರಾಬರ್ಟ್ ಕೆನಡಿ ಜೂನಿಯರ್. 2024ರಲ್ಲಿ ಅಧ್ಯಕ್ಷರ ಚುನಾವಣೆಗೆ ಪಕ್ಷೇತರರಾಗಿ ನಿಂತು, ಬ್ಯಾಲೆಟಿಗೆ ಹೆಸರು ಸೇರಿಸೋಕೆ ರಾಜ್ಯ ರಾಜ್ಯ ಅಲೆದ್ರು, ಆಗಸ್ಟಲ್ಲಿ ಪ್ರಚಾರ ನಿಲ್ಲಿಸಿ ಟ್ರಂಪ್ ಕಡೆ ಹೋದ್ರು, ಹೋದ ಮೇಲೆ ಮಿಷಿಗನ್, ವಿಸ್ಕಾನ್ಸಿನಲ್ಲಿ ನನ್ನ ಹೆಸರು ತೆಗೀರಿ ಅಂತ ಕೋರ್ಟಿಗೆ ಹೋದ್ರು, ಅತ್ತ ನ್ಯೂಯಾರ್ಕಲ್ಲಿ ನನ್ನ ಹೆಸರು ಸೇರಿಸಿ ಅಂತಾನೂ ಕೋರ್ಟಿಗೆ ಹೋದ್ರು! ರೇಷನ್ ಕಾರ್ಡಿಗೆ ಹೆಸರು ಸೇರಿಸೋಕೆ, ತೆಗೆಸೋಕೆ ಓಡಾಡಿದವರಿಗೆ ಮಾತ್ರ ಈ ಕಷ್ಟ ಅರ್ಥ ಆಗೋದು. ಸುಪ್ರೀಂ ಕೋರ್ಟು ಎರಡಕ್ಕೂ ಆಗಲ್ಲ ಅಂತು. ತೆಗೀರಿ ಅಂದಲ್ಲಿ ಉಳೀತು, ಸೇರಿಸಿ ಅಂದಲ್ಲಿ ಸೇರ್ಲಿಲ್ಲ. ಸದ್ಯ, ಆರೋಗ್ಯ ಮಂತ್ರಿ ಆದ್ರು.

ಇನ್ನು ರಾಸ್ ಪೆರೋ, ಪಕ್ಷೇತರರಾಗಿ ನಿಂತ ಕೋಟ್ಯಧಿಪತಿ. 1992ರ ಅಧ್ಯಕ್ಷರ ಚುನಾವಣೇಲಿ ನೂರಕ್ಕೆ ಹತ್ತತ್ರ 19 ಓಟು, ಅಂದ್ರೆ ಸುಮಾರು 2 ಕೋಟಿ ಜನ. ಅಧ್ಯಕ್ಷರನ್ನ ಕೊನೆಗೆ ಆರಿಸೋದು ರಾಜ್ಯವಾರು ಹಂಚಿರೋ ಎಲೆಕ್ಟೋರಲ್ ಓಟು, ಅದು ಎಷ್ಟು ಸಿಕ್ತು? ಸೊನ್ನೆ. ಹೆಚ್ಚುಕಮ್ಮಿ ಎಲ್ಲಾ ರಾಜ್ಯದಲ್ಲೂ ಮೊದಲು ಬಂದವನಿಗೆ ಪೂರ್ತಿ ಪಾತ್ರೆ, ಮಿಕ್ಕವರ ಕೈಗೆ ಚಿಪ್ಪು. ಹಂಗೂ ಭಯ ಆಯ್ತೇನೋ, ಸಮೀಕ್ಷೇಲಿ 15 ಪರ್ಸೆಂಟ್ ಇಲ್ದಿದ್ರೆ ಡಿಬೇಟಿಗೇ ಬರಬೇಡ ಅಂತ ರೂಲ್ ಬಂತು. ಟೀವೀಲಿ ಕಾಣಿಸದೆ 15 ಬರಲ್ಲ, 15 ಬರದೆ ಟೀವೀಲಿ ಕಾಣಲ್ಲ. ಮದುವೆ ಆಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆ ಆಗಲ್ಲ ಅನ್ನೋದು ಇದೇ ತಾನೇ.

ಇಷ್ಟೆಲ್ಲಾ ಇದ್ರೂ ನಿಂತ ಗ್ರೀನ್ ಪಾರ್ಟಿಯ ರಾಲ್ಫ್ ನೇಡರಿಗೆ ಸಿಕ್ಕಿದ್ದು ಕಳ್ಳ ಅನ್ನೋ ಬಿರುದು. 2000ದಲ್ಲಿ ಫ್ಲೋರಿಡಾ 537 ಓಟಲ್ಲಿ ರಿಪಬ್ಲಿಕನ್ ಬುಷ್ ಪಾಲಾಯ್ತು, ನೇಡರ್ ಅಲ್ಲಿ 97,488 ತಗೊಂಡಿದ್ರು, ಅಲ್ಲಿಗೆ ಅವರು ಡೆಮಾಕ್ರಾಟ್ ಕ್ಯಾಂಡಿಡೇಟ್ ಗೋರ್ ಓಟು ಕದ್ದರಂತೆ. ಕದಿಯೋಕೆ ಅದೇನು ಯಾರಪ್ಪನ ಆಸ್ತಿ? ಲಕ್ಷಾಂತರ ಜನ ಓಟೇ ಹಾಕ್ಲಿಲ್ಲ, ಎಷ್ಟೋ ಡೆಮಾಕ್ರಾಟರೇ ಬುಷ್‌ಗೆ ಒತ್ತಿದ್ರು, ಎಣಿಸ್ತಾ ಇದ್ದ ಓಟನ್ನ ಕೋರ್ಟು ನಿಲ್ಲಿಸ್ತು, ಅವರ್ಯಾರೂ ಕಳ್ಳರಲ್ಲ. ಇಷ್ಟು ವರ್ಷ ಆದ್ರೂ ಅದೇ ಬೈಗುಳ. ಕೇಳಿ ಕೇಳಿ ಸಾಕಾಗಿದೆ ಕಣ್ರಿ. ತಮ್ಮ ಕ್ಯಾಂಡಿಡೇಟ್ ಸರಿ ಇರಲಿಲ್ಲ ಅಂತ ಒಂದು ಸಲ ಒಪ್ಕೊಳ್ಳೋಕೆ ಏನು ರೋಗ?

ಜನಾನೂ ಕಮ್ಮಿ ಇಲ್ಲ ಬಿಡಿ. ಸರ್ವೇಲಿ ಕೇಳಿದ್ರೆ ಅರ್ಧಕ್ಕಿಂತ ಜಾಸ್ತಿ ಜನ ಮೂರನೇ ಪಾರ್ಟಿ ಬೇಕೇ ಬೇಕು ಅಂತಾರೆ, 2024ರಲ್ಲಿ ನೂರಕ್ಕೆ 98 ಓಟು ಆ ಎರಡಕ್ಕೇ ಬಿತ್ತು. ನ್ಯೂಜೆರ್ಸಿಲಿರೋ ಅಕ್ಕನ ಮಗನಿಗೆ ಫೋನಲ್ಲಿ ಕೇಳ್ದೆ. “ಮಾಮ, ನಮ್ ಸ್ಟೇಟಲ್ಲಿ ನಾನ್ ಯಾರಿಗ್ ಹಾಕಿದ್ರೂ ಡೆಮಾಕ್ರಾಟ್ಸೇ ಗೆಲ್ಲೋದು” ಅಂದ.

“ಹಂಗಾದ್ರೆ ಧೈರ್ಯವಾಗಿ ಮೂರನೇಯವ್ರಿಗೆ ಹಾಕ್ಬೋದಲ್ಲೋ.”

“ಓಟ್ ವೇಸ್ಟ್ ಆಗತ್ತಲ್ಲ ಮಾಮ!”