ರಾಯರ ಅರ್ತಿಂಗ್

ಮೊನ್ನೆ ಭಾನುವಾರ ನನ್ನ ಬೋರ್ಡು ಏಳಲಿಲ್ಲ. ಇವತ್ತು ಬುಧವಾರ, ಸಿಟ್ಟು ಇನ್ನೂ ಇಳಿದಿಲ್ಲ. ಸಿಟ್ಟು ಬೋರ್ಡಿನ ಮೇಲಲ್ಲ.

ಬೋರ್ಡು ಅಂದರೆ 8085 ಕಿಟ್, 8085 ಎಂಬ ಹಳೆಯ ಪ್ರೊಸೆಸರ್ ಕೂರಿಸಿದ, ಲ್ಯಾಬಿನಲ್ಲಿ ಕಲಿಯುವ ಪುಟ್ಟ ಕಂಪ್ಯೂಟರ್. ಡಿಪ್ಲೊಮಾ, ಇಂಜಿನಿಯರಿಂಗ್ ಮಾಡಿದವರು ಇದರ ಮುಂದೆ ಕೂತು ಆಕಳಿಸಿಯೇ ಇರುತ್ತೀರಿ. ಗಟ್ಟಿ ಕೀಲಿಗಳು, ಕೆಂಪು ಅಂಕಿಗಳು, ಎರಡು ಸಂಖ್ಯೆ ಕೂಡಿಸಲು ಅರ್ಧ ಗಂಟೆ. ಕಾಲೇಜಿನ ಲ್ಯಾಬಿನಿಂದ ಗುಜರಿಗೆ ಹೊರಟಿದ್ದನ್ನು ಕೇಳಿ ಮನೆಗೆ ತಂದಿದ್ದೆ. ಮನೆಯಲ್ಲಿ ಅದರ ಹೆಸರು ಈಗಲೂ "ನಿಮ್ಮ ಗುಜರಿ".

ಮಂಗಳೂರಿನ ಆಟಿ ತಿಂಗಳು ನಿಮಗೆ ಗೊತ್ತಲ್ಲ. ಬಟ್ಟೆ ಒಣಗುವುದಿಲ್ಲ, ಬೆಲ್ಟಿಗೆ ಬೂಷ್ಟು, ಡಬ್ಬಿಯ ಉಪ್ಪು ನೀರು. ಅಂಥದ್ದರಲ್ಲಿ ಸ್ವಿಚ್ ಹಾಕಿದೆ. ಡಿಸ್‌ಪ್ಲೇ ಕತ್ತಲೆ. ಮೀಟರ್ ಇಟ್ಟರೆ 5 ವೋಲ್ಟ್ ಸರಿಯಾಗಿ ಬರುತ್ತಿದೆ. ಆದರೆ ಪ್ರೊಸೆಸರಿನ 3ನೇ ಪಿನ್, ಅಂದರೆ ರೀಸೆಟ್ ಔಟ್, ಅದರ ವೋಲ್ಟೇಜು ಇಳಿಯದೆ ಮೇಲೆಯೇ ನಿಂತಿದೆ. ಪ್ರೊಸೆಸರ್ ಸತ್ತಿಲ್ಲ, ಕೆಲಸ ಶುರು ಮಾಡದೆ ರೀಸೆಟ್‌ನಲ್ಲೇ ಕೂತಿದೆ.

ಇಂಥ ಹೊತ್ತಲ್ಲಿ ಬುದ್ಧಿ ಇರುವವರು ರೀಸೆಟ್ ಸರ್ಕ್ಯೂಟ್ ನೋಡುತ್ತಾರೆ. ನಾನು ಪ್ರೊಸೆಸರನ್ನೇ ಕಿತ್ತೆ. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸುವಾಗ ನಲವತ್ತು ಕಾಲಿನಲ್ಲಿ ಒಂದು ಮಡಚಿತು. ಬೇರೆ ಐಸಿ ಹಾಕಿದರೂ ಅದೇ ಕತ್ತಲೆ.

ಆಗ ಪಕ್ಕದ ಮನೆಯ ರಾಯರು ಬಂದರು. ಬ್ಯಾಂಕಿನಿಂದ ರಿಟೈರ್ ಆದವರು. 1906ರಿಂದ 1931ರ ಒಳಗೆ ಐದು ದೊಡ್ಡ ಬ್ಯಾಂಕು ಹೆತ್ತ ಜಿಲ್ಲೆ ಇದು, ರಿಟೈರ್ಡ್ ಮ್ಯಾನೇಜರುಗಳು ಮತ್ತೆಲ್ಲಿಗೆ ಹೋಗಬೇಕು? ರಾಯರು ನಮ್ಮ ಮನೆಗೆ ಬರುತ್ತಾರೆ. ಅವರಿಗೆ ಲೋಕದಲ್ಲಿ ಕಾಣುವ ತೊಂದರೆ ಒಂದೇ: ಅರ್ತಿಂಗ್. ಟಿವಿಯಲ್ಲಿ ಗೆರೆ ಬಂದರೆ ಅರ್ತಿಂಗ್. ಮಿಕ್ಸಿ ಕಿರುಚಿದರೆ ಅರ್ತಿಂಗ್. ಮಗಳಿಗೆ ಗಣಿತದಲ್ಲಿ ಮಾರ್ಕು ಕಡಿಮೆ ಬಂದಾಗಲೂ ಒಮ್ಮೆ ಮೀಟರ್ ಬೋರ್ಡಿನ ಕಡೆ ನೋಡಿದ್ದರು. ನಾನೇ ಮಾತು ಬದಲಿಸಿದೆ.

"ಎಂತ ಮಾಷ್ಟ್ರೆ, ಲೈಟ್ ಬರುವುದಿಲ್ವಾ?"

"ರೀಸೆಟ್ ಬಿಡ್ತಾ ಇಲ್ಲ ರಾಯರೇ."

"ಅರ್ತಿಂಗ್ ನೋಡಿದ್ರಾ?"

"ಇದಕ್ಕೆ ಅರ್ತಿಂಗೇ ಇಲ್ಲ. ಅಡಾಪ್ಟರಿಗೆ ಎರಡೇ ಪಿನ್."

"ಅದೇ ಮಾರಾಯ್ರೆ ನಾನು ಹೇಳುವುದು! ಅರ್ತಿಂಗೇ ಇಲ್ಲ!"

ಇದಕ್ಕೆ ಉತ್ತರ ಉಂಟಾ? ನಾನು ಬಾಯಿ ಮುಚ್ಚಿದ್ದೇ ಒಪ್ಪಿಗೆ ಅಂದುಕೊಂಡು ಅವರು ಬಚ್ಚಲಿನಿಂದ ಬಕೆಟ್ ತಂದರು. "ಕಲ್ಲುಪ್ಪು ಉಂಟಾ ಅಮ್ಮ?" ಅಂತ ಅಡುಗೆಮನೆಗೆ ಕೇಳಿದರು. ಬೇಸಗೆಯಲ್ಲಿ ಮಣ್ಣು ಒಣಗುತ್ತದೆ ಅಂತ ಅರ್ತಿಂಗ್ ಗುಂಡಿಗೆ ಉಪ್ಪು, ನೀರು ಹಾಕುವುದು ಸರಿ. ಹೊರಗೆ ಬೆಳಗ್ಗಿನಿಂದ ಮಳೆ ಹೊಯ್ಯುತ್ತಿತ್ತು. ಗುಂಡಿ ಆಗಲೇ ತುಂಬಿ ಮಲ್ಲಿಗೆ ಗಿಡದ ಬುಡಕ್ಕೆ ಹರಿಯುತ್ತಿತ್ತು. ರಾಯರು ಕೊಡೆಯನ್ನು ಕುತ್ತಿಗೆಗೂ ಭುಜಕ್ಕೂ ನಡುವೆ ಸಿಕ್ಕಿಸಿ, ಲುಂಗಿ ಎತ್ತಿ ಕಟ್ಟಿ, ಆ ಗುಂಡಿಗೆ ನೀರು ಸುರಿದರು. ಸಾಲಲಿಲ್ಲ ಅಂತ ಇನ್ನೊಂದು ಬಕೆಟ್ ತರಲು ಒಳಗೆ ಬಂದರು. ಮೂರನೆಯದಕ್ಕೆ ಬಂದಾಗ ನನ್ನ ಹೆಂಡತಿ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತಿದ್ದಳು.

ನಾನು ಅಷ್ಟರಲ್ಲಿ 36ನೇ ಪಿನ್ನಿಗೆ, ಅಂದರೆ ರೀಸೆಟ್ ಇನ್‌ಗೆ, ಮೀಟರ್ ಇಟ್ಟೆ. ಕರೆಂಟು ಬಂದ ಕೂಡಲೇ ಪ್ರೊಸೆಸರ್ ಓಡಬಾರದು, ಸಪ್ಲೈ ನೆಲೆಯಾಗುವವರೆಗೆ ಈ ಪಿನ್ನನ್ನು ಕೆಳಗೆ ಹಿಡಿಯಬೇಕು. ಅದಕ್ಕೊಂದು 75 ಕಿಲೋಓಮ್ ರೆಸಿಸ್ಟರ್, 1 ಮೈಕ್ರೋಫ್ಯಾರಡ್ ಕೆಪಾಸಿಟರ್. ಕೆಪಾಸಿಟರ್ ತುಂಬಿದ ಹಾಗೆ ವೋಲ್ಟೇಜು ಏರಿ, ಕಣ್ಣು ಮಿಟುಕಿಸುವಷ್ಟರಲ್ಲಿ ಬಿಡುಗಡೆ. ಅಲ್ಲಿ 5 ವೋಲ್ಟ್ ಇರಬೇಕಿತ್ತು. ಇದ್ದದ್ದು 0.6. ಕೆಪಾಸಿಟರ್ ಸೋರುತ್ತಿತ್ತು. ಸೋರಿದ್ದೆಷ್ಟು? ಲೆಕ್ಕ ಹಾಕಿದರೆ 60 ಮೈಕ್ರೋಆಂಪಿಯರ್ ಕೂಡ ಇಲ್ಲ. ನಮ್ಮ ಅಡುಗೆಮನೆಯ ಹಂಚು ಇದಕ್ಕಿಂತ ಜಾಸ್ತಿ ಸೋರುತ್ತದೆ, ಆದರೂ ಅಡುಗೆ ಆಗುತ್ತದೆ.

ಭಾನುವಾರ ಯಾವ ಅಂಗಡಿ ತೆರೆದಿರುತ್ತದೆ? ಬಿಸ್ಕತ್ತಿನ ಡಬ್ಬಿಯಲ್ಲಿ ಕೈಯಾಡಿಸಿದಾಗ ಒಂದು ಕಾಗದದ ಪೊಟ್ಟಣ ಸಿಕ್ಕಿತು. ಮೇಲೆ ನೀಲಿ ಪೆನ್ನಿನಲ್ಲಿ "1/50", ಅಂದರೆ 1 ಮೈಕ್ರೋಫ್ಯಾರಡ್, 50 ವೋಲ್ಟ್. ಹಂಪನಕಟ್ಟೆಯ ಹತ್ತಿರ ಒಂದು ರೇಡಿಯೋ ಅಂಗಡಿ ಇತ್ತು. ಅಲ್ಲಿಯ ಅಜ್ಜ ಒಂದೇ ಒಂದು ಕೆಪಾಸಿಟರ್ ಕೇಳಿದರೂ ಮುಳ್ಳಿನ ಮೀಟರಿಗೆ ತಾಗಿಸಿ, ಮುಳ್ಳು ಹಾರಿ ವಾಪಸ್ ಬರುವುದನ್ನು ನನಗೂ ತೋರಿಸಿ, ಪೇಪರಿನ ಚೂರಿನಲ್ಲಿ ಸುತ್ತಿ, ಮೇಲೆ ಬರೆದು ಕೊಡುತ್ತಿದ್ದರು. ಈಗ ಅಲ್ಲಿ ಮೊಬೈಲ್ ಕವರ್ ತೂಗಾಡುತ್ತವೆ. ಪೊಟ್ಟಣ ಬಿಡಿಸಲು ಸ್ವಲ್ಪ ಹೊತ್ತಾಯಿತು ನನಗೆ, ಸುಮ್ನೆ.

ಮೀಟರಿಗೆ ತಾಗಿಸಿದೆ, ಸರಿ ಇತ್ತು. ಬೆಸುಗೆ ಹಾಕಿದೆ. ಬೆರಳು ಸ್ವಿಚ್ಚಿನ ಮೇಲಿತ್ತು.

"ಮಾಷ್ಟ್ರೆ, ಈಗ ಹಾಕಿ!" ಅಂಗಳದಿಂದ ಕೂಗು.

ಆಗ ಹಾಕಬಾರದಿತ್ತು. ಒಂದು ಚಾ ಕುಡಿದು ಆಮೇಲೆ ಹಾಕಬಹುದಿತ್ತು. ಬೆರಳು ಕೇಳಲಿಲ್ಲ. ಕೆಂಪು ಅಂಕಿಗಳು ಪಳಕ್ಕನೆ ಹೊತ್ತಿಕೊಂಡವು. ಬಾಗಿಲಲ್ಲಿ ರಾಯರು, ತಲೆಯಿಂದ ಕಾಲಿನವರೆಗೆ ಒದ್ದೆ, ಕೈಯಲ್ಲಿ ಖಾಲಿ ಬಕೆಟ್. ಕೆಪಾಸಿಟರ್ ಅಂತ ನಾನು ಬಾಯಿ ತೆರೆದೆ. ಅವರು ಬಕೆಟ್ ನನ್ನ ಕೈಗೆ ಕೊಟ್ಟು, "ಇರಲಿ ಇರಲಿ, ಥ್ಯಾಂಕ್ಸ್ ಎಲ್ಲ ಬೇಡ" ಅಂದರು.

ನಿನ್ನೆ ಸಂಜೆ ಎದುರು ಮನೆಯವರು ಗೇಟಿನ ಹತ್ತಿರ ನಿಂತಿದ್ದರು. ಅವರ ಇನ್ವರ್ಟರ್ ಕೈಕೊಟ್ಟಿದೆಯಂತೆ. "ನಿಮ್ಮ ಕಂಪ್ಯೂಟರೇ ಸರಿಯಾಯ್ತಂತಲ್ಲ ಮಾಷ್ಟ್ರೆ, ರಾಯರು ಹೇಳಿದ್ರು. ಉಪ್ಪು ಎಷ್ಟು ಹಾಕಿದ್ದು?"

ನಾನು ವಿವರಿಸಲು ಹೊರಟೆ. ಒಳಗಿನಿಂದ ಹೆಂಡತಿಯ ಸ್ವರ ಬಂತು: "ಎರಡು ಕಿಲೋ!"